ಅಟ್ಟದ ಕೆಳಗೂ ಜನ ವಾಸವಿದ್ದಾರೆ

ವಾಸಸ್ಥಳ ದೃಢೀಕರಣ ಪತ್ರಕ್ಕೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ನನ್ನ ಸ್ವಂತ ಮನೆಯ ನಡುಮನೆಯಲ್ಲಿ ಕುಳಿತು, ಪತ್ರಿಕೆಯ ಮೂಲಕ ನಿಮಗೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಕಡತದ ಪ್ರಕಾರ ಈ ಮನೆಯಲ್ಲಿ ಮನುಷ್ಯರು ಯಾರೂ ಇಲ್ಲ, ಇರುವುದು ತೆಂಗಿನಕಾಯಿ ಮಾತ್ರ. ಆದ್ದರಿಂದ ಇದನ್ನು ಒಂದು ತೆಂಗಿನಕಾಯಿ ಬರೆದ ಪತ್ರವೆಂದು ತಿಳಿದು ಓದಿದರೂ ನನ್ನದೇನೂ ತಕರಾರಿಲ್ಲ, ಪೂರ್ತಿ ಓದಿದರೆ ಸಾಕು. ನನ್ನ ದೂರು ಇಷ್ಟು. ನನ್ನ ಹೆಂಡತಿ ಸುನಂದಾಳಿಗೆ ನಿಮ್ಮ ಸಹಿಯುಳ್ಳ ವಾಸಸ್ಥಳ ಪತ್ರ ಬೇಕು. ಅದಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ಅವಳಿಗೆ ಸಿಗುತ್ತಿರುವ ಚುಚ್ಚುಮದ್ದು ನಿಂತುಹೋಗುತ್ತದೆ. ಆ ಪತ್ರ ಸಿಗಬೇಕಾದರೆ ಪರಿಶೀಲನೆಗೆ ಬಂದ ದಿನ ಅವಳು ಮನೆಯಲ್ಲಿರಬೇಕು. ಯಾವ ದಿನ ಬರುತ್ತೀರೆಂದು ಮಾತ್ರ ಹೇಳುವುದಿಲ್ಲ. ಹೀಗೆ ಹೇಳದೆ ಹೇಳದೆ ಅವಳನ್ನು ಈ ಏಪ್ರಿಲ್ ಬಿಸಿಲಿನಲ್ಲಿ, ಅವಳ ಮೈ ಖಂಡಿತ ತಾಳದ ಬಿಸಿಲಿನಲ್ಲಿ, ಮನೆಯೊಳಗೆ ಕೂಡಿಹಾಕಿದ್ದೀರಿ.

ನಾನು ಯಾರೆಂದು ಹೇಳಿಬಿಡುತ್ತೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗಳು ಒಂದನ್ನೊಂದು ಮುಟ್ಟುವ ಕಡೆ ನಮ್ಮ ಹಳ್ಳಿ ಇದೆ. ಯಾವ ತಾಲ್ಲೂಕಿಗೆ ಸೇರಿದ್ದೆಂದು ಪತ್ರಿಕೆಯಲ್ಲಿ ಬರೆದು ನಿಮ್ಮ ಕಚೇರಿಯ ಮಾನ ಕಳೆಯುವುದಿಲ್ಲ, ನಿಮಗೆ ಗೊತ್ತೇ ಇದೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ನೀಲಗಿರಿಯ ಕೂನೂರಿಗೆ ಹೋದೆವು. ಅಲ್ಲಿ ತೆಂಗು ಬೆಳೆಯುವುದಿಲ್ಲ, ಆದರೆ ಚಟ್ನಿ ತಿನ್ನುವವರಿಗೆ ಕೊರತೆಯಿಲ್ಲ. ಇಲ್ಲಿಂದ ಕಾಯಿ, ಕೊಬ್ಬರಿ ತರಿಸಿ ಅಲ್ಲಿ ಅಂಗಡಿ ನಡೆಸಿದೆ. ಗುಡ್ಡದ ಮಗ್ಗುಲಿನಲ್ಲಿ ತಗಡು ಹೊದೆಸಿದ ಎರಡು ಕೋಣೆಯ ಮನೆಯನ್ನೂ ಕಟ್ಟಿಕೊಂಡೆವು. ವಯಸ್ಸಾದ ಮೇಲೆ ಅಂಗಡಿಯನ್ನು ಬೇರೆಯವರಿಗೆ ವಹಿಸಿ, ಊರಿನ ಈ ಹೆಂಚಿನ ಮನೆಯನ್ನು ದುರಸ್ತಿ ಮಾಡಿಸಿಕೊಂಡೆವು. ಅಂದಿನಿಂದ ವರ್ಷದಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ. "ಚಳಿಗೊಂದ್ ಮನೆ, ಬಿಸ್ಲಿಗೊಂದ್ ಮನೆ, ದೊರೆ ಕಣಪ್ಪ ನೀನು" ಎಂದು ನನ್ನ ಓರಗೆಯ ಹನುಮಂತರಾಜು ಸಿಕ್ಕಾಗಲೆಲ್ಲ ಗೇಲಿ ಮಾಡುತ್ತಾನೆ.

ಈ ದೊರೆತನದ ವಿವರ ತಮಗೂ ತಿಳಿದಿರಲಿ. ನನ್ನ ಎದೆಗೆ ಚಳಿ ಆಗದು. ಕೂನೂರಿನಲ್ಲಿ ಮಂಜು ಬೀಳಲು ಶುರುವಾದರೆ ನನಗೆ ಉಬ್ಬಸ ಹತ್ತಿಕೊಂಡು ರಾತ್ರಿಯೆಲ್ಲ ಗೋಡೆಗೆ ಒರಗಿಯೇ ಕೂರಬೇಕು. ಸುನಂದಾಳಿಗೆ ಬಿಸಿಲು ಆಗದು. ಅವಳಿಗೆ ಇರುವುದು ನರದ ಕಾಯಿಲೆ. ಮೈ ಸ್ವಲ್ಪ ಬಿಸಿಯಾದರೂ ಕಾಲು ಅವಳ ಮಾತು ಕೇಳುವುದಿಲ್ಲ, ಕಣ್ಣಿಗೆ ಮಬ್ಬು ಕವಿಯುತ್ತದೆ, ಹಿಡಿದ ಲೋಟ ಕೈಯಿಂದ ಜಾರುತ್ತದೆ. ತಂಪು ಸಿಕ್ಕರೆ ಅದೇ ಹೆಂಗಸು ಕೂನೂರಿನ ಏರು ಹತ್ತಿ ಹೂಕೋಸು ತರುತ್ತಾಳೆ. ಚುಚ್ಚುಮದ್ದು ತಪ್ಪದೆ ನಡೆದರೆ ಕಾಯಿಲೆ ಇದ್ದಲ್ಲೇ ಇರುತ್ತದೆ, ತಪ್ಪಿದರೆ ಒಮ್ಮೆ ಹೋದ ಕಾಲಿನ ಶಕ್ತಿ ಮತ್ತೆ ಬಾರದೆಯೂ ಇರಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. ನಾವು ಮನೆ ಬದಲಾಯಿಸುವುದು ಇದಕ್ಕಾಗಿ. ದೀಪಾವಳಿಗೆ ಇಳಿದು ಬರುತ್ತೇವೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರಲ್ಲ, ಅದರ ಹಿಂದೆಯೇ ನಾವೂ ಆಸ್ಪತ್ರೆ ಕೊಟ್ಟ ಮದ್ದಿನ ಸಮೇತ ಗುಡ್ಡಕ್ಕೆ ಓಡುತ್ತೇವೆ.

ಇನ್ನು ಆ ತೆಂಗಿನಕಾಯಿಯ ವಿಚಾರ. ನೀವು ಬೇರೆ ಕಡೆಯಿಂದ ವರ್ಗವಾಗಿ ಬಂದವರೆಂದು ಕೇಳಿದ್ದೇನೆ, ಅದಕ್ಕೇ ಹೇಳುತ್ತೇನೆ. ನಮ್ಮ ಕಡೆ ಉಂಡೆ ಕೊಬ್ಬರಿ ಆಗುವುದು ಮನೆಯ ಅಟ್ಟದ ಮೇಲೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಟ್ಟರೆ ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುತ್ತದೆ. ನೀರು ಆರುವ ಮೊದಲೇ ಇಳಿಸಿ ಬಿಸಿಲಿಗೆ ಹಾಕಿದರೆ ಒಳಗೇ ಕೊಳೆಯುತ್ತದೆ. ಕಾಯಿ ಮೇಲಿರುತ್ತದೆ, ಕೆಳಗೆ ಜನ ಉಂಡು ಮಲಗುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಅಟ್ಟ ಬರಿದಾಗಿದ್ದರೆ ಆ ಮನೆಗೆ ಏನೋ ಕೆಟ್ಟದ್ದಾಗಿದೆ ಎಂದು ನಮ್ಮ ಹಿರಿಯರು ಭಾವಿಸುತ್ತಿದ್ದರು. ಆದ್ದರಿಂದ ಊರು ಬಿಡುವ ಮುಂಚೆ ನಮ್ಮ ಅಟ್ಟವನ್ನು ಪಕ್ಕದ ಕರಿಯಕ್ಕನಿಗೆ ಬಿಟ್ಟುಕೊಟ್ಟೆವು. ಅವಳ ಮನೆಯವರು ಕುರಿ ಮಂದೆಯ ಜೊತೆ ಊರೂರು ಅಲೆಯುವ ಜನ. ಇರುವ ಕೆಲವು ಮರಗಳ ಫಸಲೇ ಅವಳ ಕೈಯ ಬಲ. ಸರ್ಕಾರ ಅವಳಿಗೆ ಕೊಟ್ಟ ಮನೆಗೆ ಶೀಟು ಹೊದೆಸಿದ್ದಾರೆ, ಅಟ್ಟ ಇಟ್ಟಿಲ್ಲ. ತೆಂಗಿನ ಸೀಮೆಯಲ್ಲಿ ಅಟ್ಟವಿಲ್ಲದ ಮನೆಯ ನಕ್ಷೆ ಬರೆದ ಪುಣ್ಯಾತ್ಮರು ಯಾರೋ, ಅವರಿಗೂ ಈ ಪತ್ರದ ಒಂದು ಪ್ರತಿ ಕಳಿಸಬೇಕೆಂದಿದ್ದೇನೆ.

ಕಳೆದ ಬೇಸಿಗೆಯಲ್ಲಿ, ನಾವು ಕೂನೂರಿನಲ್ಲಿದ್ದಾಗ, ನಮ್ಮ ಮೊದಲ ಅರ್ಜಿ ಹಿಡಿದು ನಿಮ್ಮ ಪರಿಶೀಲಕರು ಇಲ್ಲಿಗೆ ಬಂದರು. ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಅಟ್ಟದ ತುಂಬ ಕಾಯಿ. ಈ ಮನೆಯಲ್ಲಿ ಯಾರಿದ್ದಾರೆಂದು ಕರಿಯಕ್ಕನನ್ನು ಕೇಳಿದ್ದಾರೆ. ಗುರುತಿಲ್ಲದವರಿಗೆ ಮನೆ ಖಾಲಿ ಇದೆಯೆಂದು ನಮ್ಮೂರಿನಲ್ಲಿ ಯಾರೂ ಹೇಳುವುದಿಲ್ಲ. ಕಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ. ಅವಳು ಜಾಣತನದಿಂದಲೇ, "ನನ್ ಕಾಯಿ ಅವೆ ಸ್ವಾಮಿ, ನಾನೇ ದಿನಾ ಬಂದು ನೋಡ್ಕಂತೀನಿ" ಎಂದಳು. ನಮ್ಮ ಮನೆಯನ್ನು ಕಾಯಲು ಅವಳು ಆಡಿದ ಮಾತು ನಮ್ಮನ್ನೇ ಹೊರಗೆ ಹಾಕಿತು. ಸದರಿ ಕಟ್ಟಡವು ವಾಸದ ಮನೆಯಾಗಿರದೆ ಕೊಬ್ಬರಿ ದಾಸ್ತಾನು ಮಳಿಗೆಯಾಗಿರುತ್ತದೆ ಎಂದು ಷರಾ ಬಿತ್ತು. ಈಗಲೂ ಆ ಷರಾ ಹಾಗೆಯೇ ಇದೆ.

ಒಂದು ಮಾತು ಕೇಳುತ್ತೇನೆ. ನಮ್ಮ ಸರ್ಕಾರವೇ ಚಳಿಗಾಲಕ್ಕೆ ಅಧಿವೇಶನವೆಂದು ಬೆಳಗಾವಿಗೆ ಹೋಗಿ ಬರುತ್ತದೆ. ಆಗ ಯಾರಾದರೂ ಬೆಂಗಳೂರಿನ ವಿಧಾನಸೌಧದ ಕಿಟಕಿಯಲ್ಲಿ ಇಣುಕಿ, ಇಲ್ಲಿ ಕುರ್ಚಿಗಳು ಮಾತ್ರ ಇವೆ, ಇದು ಪೀಠೋಪಕರಣದ ಮಳಿಗೆ ಎಂದು ಬರೆದಿದ್ದಾರೆಯೇ? ಹಿಂದೆ ಮದರಾಸಿನ ಬಿಳಿಯ ದೊರೆಗಳು ಬೇಸಿಗೆ ಬಂದರೆ ಕಚೇರಿ ಸಮೇತ ಊಟಿಗೆ ಹತ್ತುತ್ತಿದ್ದರು. ಅವರ ವಾಸಸ್ಥಳ ಯಾವುದೆಂದು ಯಾರು ಕೇಳಿದರು? ಕರಿಯಕ್ಕನ ಗಂಡ ಎತ್ತಪ್ಪ ಮಂದೆಯ ಹಿಂದೆ ಯಾವ ಊರಿನ ಹೊಲದಲ್ಲಿ ಮಲಗುತ್ತಾನೋ ಅವನಿಗೇ ಮುಂಚಿತವಾಗಿ ತಿಳಿಯದು. ಆದರೂ ಅವನು ನಮ್ಮೂರಿನವನಲ್ಲ ಎಂದು ಹೇಳುವ ಎದೆ ಯಾರಿಗಿದೆ? ಮೈ ಯಾವ ಹವೆಗೆ ಒಗ್ಗುತ್ತದೋ ಅಲ್ಲಿಗೆ ಹೋಗುವುದು ಊರು ಬಿಟ್ಟಂತಲ್ಲ ಮಹಾಸ್ವಾಮಿ. ಇಷ್ಟು ತಿಳಿಯಲು ಕಾನೂನು ಓದಬೇಕಿಲ್ಲ.

ಹಾಗಾದರೆ ಕೂನೂರಿನಲ್ಲೇ ಮದ್ದು ತೆಗೆದುಕೊಳ್ಳಿ ಎನ್ನುತ್ತೀರಿ. ಅಲ್ಲಿ ಕೇಳಿದೆವು. ನಿಮ್ಮ ದಾಖಲೆಗಳೆಲ್ಲ ಕರ್ನಾಟಕದವು, ನಿಮ್ಮ ಮನೆಯೂ ಅಲ್ಲಿದೆ, ಅಲ್ಲೇ ಪಡೆಯಿರಿ ಎಂದರು. ನೀವು ನಮ್ಮನ್ನು ಅಲ್ಲಿಯವರು ಎನ್ನುತ್ತೀರಿ, ಅವರು ಇಲ್ಲಿಯವರು ಎನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ. ಎರಡು ಮನೆ ಕಟ್ಟಿದ ನಾವು ಎಲ್ಲಿಯೂ ವಾಸವಿಲ್ಲದವರಾದೆವು.

ದೀಪಾವಳಿಗೆ ಬಂದವನೇ ಸುನಂದಾಳ ಹೆಸರಿನಲ್ಲಿ ಮತ್ತೆ ಅರ್ಜಿ ಹಾಕಿದೆ. ಚಳಿಗಾಲ ಪೂರ್ತಿ ನಾವಿಬ್ಬರೂ ಇಲ್ಲೇ ಇದ್ದೆವು. ಸುನಂದಾ ಚೆನ್ನಾಗಿ ಓಡಾಡಿಕೊಂಡಿದ್ದಳು, ಅವರೆಕಾಳು ಸುಲಿದಳು, ಬಂದವರಿಗೆಲ್ಲ ಕಾಫಿ ಕೊಟ್ಟಳು. ನಿಮ್ಮವರು ಮಾತ್ರ ಬರಲಿಲ್ಲ. ಶಿವರಾತ್ರಿ ಕಳೆಯಿತು. ಅವಳನ್ನು ಗುಡ್ಡಕ್ಕೆ ಕಳಿಸಿ ನಾನೊಬ್ಬನೇ ಕಾಯುತ್ತೇನೆಂದರೆ, ಅರ್ಜಿದಾರರು ಅವರಲ್ಲವೇ, ಖುದ್ದು ಅವರೇ ಇರಬೇಕು, ಈ ಸಲ ಬೀಗ ಕಂಡರೆ ಅರ್ಜಿ ವಜಾ ಎಂದರು. ಬರುವ ದಿನವನ್ನಾದರೂ ಹೇಳಿ ಎಂದು ಬೇಡಿಕೊಂಡೆ. ನಿಮ್ಮ ಕಚೇರಿಯಲ್ಲಿ ಕುಳಿತಿದ್ದವರು ತಲೆಯೆತ್ತದೆ, "ದಿನ ಹೇಳಿದ್ರೆ ನೀವು ಆ ದಿನಕ್ಕೆ ಬಂದು ಮನೇಲಿ ಕೂತ್ಕೊಂಡ್ಬಿಡ್ತೀರಿ ಕಣ್ರೀ" ಎಂದರು. ಮನೆಯಲ್ಲಿ ಕೂರುವುದನ್ನೂ ಕಳ್ಳತನದ ಹಾಗೆ ಹೊಂಚು ಹಾಕಿ ಹಿಡಿಯಬೇಕೆಂಬುದು ಅವತ್ತು ನನಗೆ ತಿಳಿಯಿತು.

ಯುಗಾದಿ ಆದ ಮೇಲೆ ಪರಿಶೀಲಕರು ಒಮ್ಮೆ ಬಂದರು, ಸುಳ್ಳು ಹೇಳಬಾರದು. ನಡುಮನೆಯ ಚಾಪೆಯ ಮೇಲೆ ಸುನಂದಾ ಒದ್ದೆ ಟವಲು ಹೊದ್ದು ಮಲಗಿದ್ದಳು. ನಾನು ಅಡುಗೆಮನೆ ತೋರಿಸಿದೆ, ಒಲೆಯ ಮೇಲಿದ್ದ ಸಾರು ತೋರಿಸಿದೆ, ಬಚ್ಚಲಲ್ಲಿ ನೆನೆಹಾಕಿದ್ದ ಬಟ್ಟೆಯನ್ನೂ ತೋರಿಸಿದೆ. ಅವರು ಮೊಬೈಲಿನಲ್ಲಿ ಫೋಟೋ ತೆಗೆದರು, ಅಟ್ಟವನ್ನು ನೋಡಿದರು, ತಲೆ ಅಲ್ಲಾಡಿಸಿದರು. ದಾಸ್ತಾನು ಇನ್ನೂ ಹಾಗೇ ಇದೆಯಲ್ಲ, ಮೊದಲು ಅದನ್ನು ತೆರವು ಮಾಡಿ, ಆಮೇಲೆ ಮರುಪರಿಶೀಲನೆಗೆ ಬರುತ್ತೇನೆ ಎಂದರು. ಸುನಂದಾ ಮಲಗಿದ್ದಲ್ಲಿಂದಲೇ, "ನಾವು ನಿಮ್ ಕಣ್ಣಿಗೆ ಕಾಣಾಕಿಲ್ವಾ ಸ್ವಾಮಿ?" ಎಂದು ಕೇಳಿದಳು.

"ನೀವು ಕಾಣಿಸ್ತೀರಮ್ಮಾ. ಆದ್ರೆ ಫೋಟೋದಲ್ಲಿ ಅಟ್ಟಾನೂ ಬರುತ್ತಲ್ಲ" ಎಂದರು ಅವರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು, ಕೊಟ್ಟ ಮಜ್ಜಿಗೆ ಕುಡಿದು ಹೋದರು. ಅಟ್ಟ ತುಂಬಿದ್ದರೆ ಮಳಿಗೆ, ಬರಿದಾಗಿದ್ದರೆ ಮನೆ ಎಂದು ಅವರ ತಲೆಗೆ ತುಂಬಿದ ನಿಮ್ಮ ಮೇಲೆ ಸಿಟ್ಟಿದೆ. ಈ ಲೆಕ್ಕದಲ್ಲಿ ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಹುಟ್ಟಿದವರೆಲ್ಲ ಗೋದಾಮಿನಲ್ಲಿ ಹುಟ್ಟಿದವರು.

ಅಟ್ಟ ತೆರವು ಮಾಡುವ ಮಾತನ್ನು ಕರಿಯಕ್ಕನಿಗೆ ಹೇಳಕೂಡದೆಂದು ಸುನಂದಾ ನನ್ನಿಂದ ಆಣೆ ಹಾಕಿಸಿಕೊಂಡಳು. ಹಳೆಯದನ್ನು ಇಳಿಸಿ ದೀಪಾವಳಿಯ ಸುಮಾರಿಗೆ ಏರಿಸಿದ್ದ ಆ ಕಾಯಿ ಇನ್ನೂ ಆರಿರಲಿಲ್ಲ. ಹಾಗೆ ನೋಡಿದರೆ ಅಟ್ಟ ತುಂಬಿದ್ದರೇ ನಮಗೂ ಒಳ್ಳೆಯದು. ಹೆಂಚಿನ ಕಾವು ಕೆಳಗಿಳಿಯದಂತೆ ಆ ಕಾಯಿಗಳೇ ತಡೆಯುತ್ತಿದ್ದವು. ಕೂಲರ್ ತಂದಿದ್ದೇವೆ, ಆದರೆ ಕರೆಂಟು ಬಂದಾಗ ತಾನೆ ಕೂಲರ್? ಆದರೆ ಹಳ್ಳಿಯಲ್ಲಿ ಯಾವ ಮಾತು ಮುಚ್ಚಿಡಲು ಆಗುತ್ತದೆ? ಒಂದು ಬೆಳಿಗ್ಗೆ ಕರಿಯಕ್ಕ ಸೊಸೆ ಮಂಜಮ್ಮನ ಜೊತೆ ಏಣಿ ಹೊತ್ತುಕೊಂಡು ಬಂದೇಬಿಟ್ಟಳು. ನಾನು ಏಣಿಗೆ ಅಡ್ಡ ನಿಂತೆ. "ಬ್ಯಾಡ ಕಣೇ ಕರಿಯಕ್ಕ, ವರ್ಸದ ಬದುಕು ಹಾಳಾಗ್ತದೆ" ಎಂದು ಸುನಂದಾ ಎದ್ದು ಬರಲು ನೋಡಿದಳು, ಆಗಲಿಲ್ಲ.

ಕರಿಯಕ್ಕ ನನ್ನನ್ನು ಪಕ್ಕಕ್ಕೆ ಸರಿಸಿದಳು. "ಅಂಗೇ ಬುಡಿ ಮಲ್ಲಣ್ಣ. ಕಾಯಿ ಮುಂದ್ಲ ವರ್ಸನೂ ಬತ್ತವೆ. ಅಕ್ಕನ ಕಾಲು ಬತ್ತದಾ?"

ಮಧ್ಯಾಹ್ನದ ಹೊತ್ತಿಗೆ ಅಟ್ಟ ಬರಿದಾಯಿತು. ಬರಿದಾದ ಅಟ್ಟದ ಫೋಟೋ ತೆಗೆದು ನಾನೇ ನಿಮ್ಮ ಕಚೇರಿಗೆ ಹೋದೆ. ಅರ್ಜಿದಾರರು ತೆಗೆದ ಫೋಟೋ ನಡೆಯುವುದಿಲ್ಲ, ನಮ್ಮವರು ಬಂದಾಗ ಬರುತ್ತಾರೆ ಎಂದರು. ಅದಾದ ಮೇಲೆ ಒಂದು ಹುಣ್ಣಿಮೆ ಕಳೆದಿದೆ. ನಿಮ್ಮವರು ಬಂದಿಲ್ಲ. ಅಂಗಳದಲ್ಲಿ ಟಾರ್ಪಾಲಿನ ಕೆಳಗಿರುವ ಕರಿಯಕ್ಕನ ಕಾಯಿಯಿಂದ ಕೊಳೆತ ವಾಸನೆ ಬರುತ್ತಿದೆ. ಅವಳು ದಿನಾ ಬಂದು ಕೆಟ್ಟವನ್ನು ಆರಿಸಿ ಆಚೆ ಎಸೆಯುತ್ತಾಳೆ. ಅದನ್ನು ನೋಡಲಾರದೆ ನಾನು ಹಿತ್ತಲಿಗೆ ಹೋಗುತ್ತೇನೆ. ಅಟ್ಟ ಬರಿದಾದ ಮೇಲೆ ಹೆಂಚಿನ ಕಾವು ನೇರ ನಡುಮನೆಗೆ ಇಳಿಯುತ್ತಿದೆ. ಮೊದಲು ಗೋಡೆ ಹಿಡಿದಾದರೂ ಬಚ್ಚಲಿಗೆ ಹೋಗುತ್ತಿದ್ದ ಸುನಂದಾಳಿಗೆ ಈಗ ಎದ್ದು ಕೂರಲೂ ನನ್ನ ಕೈ ಬೇಕು. ನೀವು ಹೇಳಿದಂತೆ ಇದನ್ನು ಮನೆ ಮಾಡಿದ್ದೇವೆ. ಅವಳು ಇರಲಾರದ ಮನೆ ಮಾಡಿದ್ದೇವೆ. ಕಾಯಿಲೆಯ ಮದ್ದಿಗಾಗಿ ಕಾಯಿಲೆ ಹೆಚ್ಚಾಗುವ ಜಾಗದಲ್ಲೇ ಕಾದು ಕೂರಬೇಕೆಂಬ ಈ ನಿಯಮ ಯಾವ ಪುಸ್ತಕದಲ್ಲಿದೆ? ಹೊರಟರೆ ಮದ್ದು ಹೋಗುತ್ತದೆ, ಇದ್ದರೆ ಕಾಲು ಹೋಗುತ್ತದೆ. ನನಗೆ ಭಯವಾಗಿದೆ ಮಾನ್ಯರೇ. ಸಿಟ್ಟಿನ ಮಾತು ಇಷ್ಟು ಹೊತ್ತು ಆಡಿದ್ದು ಆ ಭಯಕ್ಕೇ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ನಾಳೆಯೇ ಯಾರನ್ನಾದರೂ ಕಳಿಸಿ. ಅಟ್ಟ ತುಂಬಿರುವ ಮನೆಯೂ ವಾಸದ ಮನೆಯೆಂದು ನಿಮ್ಮ ಷರಾ ತಿದ್ದಿ, ಕರಿಯಕ್ಕನ ಉಳಿದ ಕಾಯಿಯನ್ನು ಮತ್ತೆ ಮೇಲಕ್ಕೆ ಏರಿಸಲು ಬಿಡಿ. ಸಹಿ ಬಿದ್ದ ದಿನವೇ ನಾವು ಗುಡ್ಡದ ಬಸ್ಸು ಹತ್ತುತ್ತೇವೆ, ನಿಮ್ಮ ತಂಟೆಗೆ ಬರುವುದಿಲ್ಲ.

ನಿಮ್ಮವರು ಬರುವ ಹೊತ್ತಿಗೆ ನಾನು ಐಸ್ ತರಲು ಪೇಟೆಗೆ ಹೋಗಿರಬಹುದು. ಬಾಗಿಲು ಬಡಿದರೆ ಯಾರೂ ಬರುವುದಿಲ್ಲ. ಆಗ ಮನೆಯಲ್ಲಿ ಯಾರೂ ಇಲ್ಲವೆಂದು ಬರೆದುಕೊಂಡು ಹೋಗಬೇಡಿ ಎಂದು ಅವರಿಗೆ ದಯವಿಟ್ಟು ಹೇಳಿ. ಚಿಲಕ ಹಾಕಿಲ್ಲ. ತಳ್ಳಿಕೊಂಡು ಒಳಗೆ ಬರಲಿ. ಅವಳು ಅಲ್ಲೇ ಮಲಗಿರುತ್ತಾಳೆ.

ಇಂತಿ,
ಎರಡು ಮನೆಯ ಒಡೆಯ, ಯಾವ ಊರಿಗೂ ಸಲ್ಲದವನು,
ಮಲ್ಲಿಕಾರ್ಜುನಯ್ಯ