ಕೆಮ್ಮುವ ಎಂಜಿನ್ನು

ರಿಪೇರಿ ಅಣ್ಣನಿಗೆ ನಮಸ್ಕಾರ.

ಈ ಆಟದ ರೈಲಿನ ಕಥೆಯನ್ನು ಮೊದಲು ಹೇಳಿದವರು ನಮ್ಮಪ್ಪ, ನನಗೆ ಐದು ವರ್ಷವಿದ್ದಾಗ: "ಈ ಎಂಜಿನ್ನಿಗೆ ಕೆಮ್ಮು ಮಗಳೇ, ಅದಕ್ಕೇ ನಿಧಾನ." ಈಗ ಅಪ್ಪನಿಗೆ ನನ್ನ ಗುರುತು ಹತ್ತುವುದಿಲ್ಲ. ಆದರೆ ಎಂಜಿನ್ನು ಗೊರಗೊರ ಎನ್ನುತ್ತ ಬಂದರೆ ಮಾತ್ರ, "ಮಗಳೇ, ಕೆಮ್ಮು ಬಂತು ನೋಡು" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ದಿನಾ ಓಡಿಸುತ್ತಿದ್ದೆ. ಎಲ್ಲಿ ನಿಂತೇಹೋಗುತ್ತದೋ ಎಂದು ಹೆದರಿ ನಿಮ್ಮಲ್ಲಿ ಹೊಸ ಮೋಟಾರು ಹಾಕಿಸಿದೆ.

ನಿಮ್ಮ ಕೆಲಸದಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಸದ್ದಿಲ್ಲದೆ ಓಡುತ್ತದೆ. ನಿನ್ನೆ ಓಡಿಸಿದಾಗ ಅಪ್ಪ ಗೋಡೆ ನೋಡುತ್ತ ಕೂತಿದ್ದರು. ಕೊನೆಗೆ ನಾನೇ ಎಂಜಿನ್ನಿನ ಹಾಗೆ ಕೆಮ್ಮಿದೆ. "ಯಾರಮ್ಮ ನೀವು? ಸ್ವಲ್ಪ ನೀರು ಕುಡೀರಿ" ಎಂದರು.

ಹಳೆಯ ಮೋಟಾರು ಬಿಚ್ಚಿ ತಾಮ್ರದ ತಂತಿ ತೆಗೆದುಕೊಳ್ಳುವುದು ನಿಮ್ಮ ಪದ್ಧತಿ ಎಂದು ಗೊತ್ತು. ಅಕಸ್ಮಾತ್ ಇನ್ನೂ ಬಿಚ್ಚಿರದಿದ್ದರೆ, ದಯವಿಟ್ಟು ಅದನ್ನೇ ಮತ್ತೆ ಕೂರಿಸಿಕೊಡಿ. ಎರಡೇ ದಿನ ಓಡಿದರೂ ಸಾಕು.

ಎಂಜಿನ್ನನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಸುತ್ತಿರುವ ಕರವಸ್ತ್ರ ಅಪ್ಪನದು. ಇವತ್ತು ಬೆಳಿಗ್ಗೆ ಅವರೇ ಸುತ್ತಿ ನನ್ನ ಕೈಗಿಟ್ಟು, "ನಿಮ್ಮ ಮನೆ ಮಕ್ಕಳದ್ದಿರಬೇಕು, ತಗೊಂಡು ಹೋಗಿ" ಎಂದರು.

ಇಂತಿ,
ಅವರ ಮಗಳು