ಒಡಪಿನೊಳಗಿನ ಹೆಸರು

ಹರಪನಹಳ್ಳಿ,
೧೨-೧೧-೨೦೨೫, ಬುಧವಾರ

ಮನೆಯವರಿಗೆ ನಮಸ್ಕಾರ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಕ್ಷೇಮವಿಲ್ಲ. ಕಾರಣ, ಮಾರಲೆಂದು ನೀವು ಹಡಗಲಿಯಿಂದ ನನ್ನ ಪುಸ್ತಕದಂಗಡಿಗೆ ಕಳಿಸಿದ, ನೀವೇ ಬರೆದ ಕನ್ನಡ ವ್ಯಾಕರಣದ ಅಲಂಕಾರಗಳ ಗೈಡು.

ಮೊದಲು ಕೊಳ್ಳಲು ಬಂದವಳು ತೆಲಿಗಿಯ ಹತ್ತನೇ ತರಗತಿ ಹುಡುಗಿ ಭಾಗ್ಯ. ಉಪಮೆಯ ಪುಟ ತೆರೆದು ಗಟ್ಟಿಯಾಗಿ ಓದಿದಳು:

“ಬಾಗಳಿ ಗುಡಿ ಕಂಬ ಕನ್ನಡಿಯಂಗ ಹೊಳಿತಾವ,
ಶಿವಯೋಗಪ್ಪನೋರ ಕಂಡ್ರ ನನ್ನ ಕಣ್ಣು ಅರಳತಾವ.”

“ಅಕ್ಕಾರ, ಇದು ಒಡಪಲ್ಲೇನ್ರಿ? ಶಿವಯೋಗಪ್ಪ ಅಂದ್ರ ನಮ್ಮ ಶಾಲಿ ಅಧ್ಯಕ್ಷರು. ಈಕಿ ಅವರ ಹೇಣ್ತಿ ಏನ್ರಿ?” ಎಂದು ನಕ್ಕಳು. ಆ ‘ಈಕಿ’ ನಾನೇ ಎಂದು ಯಾವ ಬಾಯಲ್ಲಿ ಹೇಳಲಿ?

ಮದುವೆಯ ದಿನ ನಿಮ್ಮ ಅಕ್ಕ ಅಂಜಿನಕ್ಕ ಬಾಗಿಲಿಗೆ ಅಡ್ಡ ನಿಂತು, “ಗಂಡನ ಹೆಸರು ಹೇಳದ ಒಳಗ ಬಿಡಂಗಿಲ್ಲವ್ವಾ” ಎಂದಾಗ ನಾನೇ ಕಟ್ಟಿ ಹೇಳಿದ ಒಡಪು ಅದು. ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳಬಾರದು, ಪದದಲ್ಲಿ ಸುತ್ತಿ ಹೇಳಬೇಕು. ನಮ್ಮ ಕಡೆಯ ಈ ಪದ್ಧತಿಯನ್ನು ನಾನು ಇವತ್ತಿಗೂ ಮೀರಿಲ್ಲ. ಹಾಗೆ ಸುತ್ತಿಟ್ಟ ನಿಮ್ಮ ಹೆಸರನ್ನು ನೀವೇ ಬಿಚ್ಚಿ ತೆಗೆದು, ಅಲ್ಲಿ ಅಧ್ಯಕ್ಷರನ್ನು ಕೂರಿಸಿದಿರಿ.

ಫೋನಿನಲ್ಲಿ ನೀವು ಕೊಟ್ಟ ಸಮಾಧಾನ ಇನ್ನೂ ಚೆಂದ. “ಲೇ, ಉದಾಹರಣಿಗೆ ಯಾರ ಹೆಸರಾದ್ರೇನು? ಅಧ್ಯಕ್ಷರು ಖುಷಿ ಆಗ್ಯಾರ. ಅವರ ಶಾಲಿ ಇರೋ ಐದೂ ತಾಲೂಕಿನಾಗ ಪುಸ್ತಕ ಓಡತೈತಿ. ಭಾನುವಾರ ಕೊಟ್ಟೂರಾಗ ಬಿಡುಗಡಿ, ನೀ ಬಂದು ಸ್ಟೇಜಿನ ಮ್ಯಾಲ ಅವರ ಮುಂದ ಒಂದ್ಸಲ ಹಂಗೇ ಹೇಳಿಬಿಡು.” ಇನ್ನೊಬ್ಬನ ಎದುರು ನಿಂತು, ಅವನನ್ನು ಕಂಡರೆ ನನ್ನ ಕಣ್ಣು ಅರಳುತ್ತವೆ ಎಂದು ಹೇಳಲು ಕಟ್ಟಿಕೊಂಡ ಹೆಂಡತಿಗೆ ನೀವೇ ಆಹ್ವಾನ ಕೊಟ್ಟಿರಿ. ಥೂ!

ವ್ಯಾಪಾರ ನನಗೂ ಗೊತ್ತು. ಗಿರಾಕಿಯನ್ನು ಅಣ್ಣಾ ಎಂದಿದ್ದೇನೆ, ಅಪ್ಪಾ ಎಂದಿದ್ದೇನೆ. ಅದಕ್ಕಿಂತ ಮುಂದಿನ ಸಂಬಂಧವನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟಿಲ್ಲ.

ಗೈಡನ್ನು ನಾನೂ ಓದಿದೆ. ಒಂದು ಇನ್ನೊಂದರ ಹಾಗಿದೆ ಎಂದರೆ ಉಪಮೆ, ಎರಡೂ ಒಂದೇ ಎಂದರೆ ರೂಪಕ, ಇದ್ದದ್ದನ್ನು ಇದ್ದದ್ದಕ್ಕಿಂತ ಹಿಗ್ಗಿಸಿದರೆ ಅತಿಶಯೋಕ್ತಿ. ಚೆನ್ನಾಗಿಯೇ ತಿಳಿಸಿದ್ದೀರಿ. ಅಧ್ಯಕ್ಷರನ್ನು ಹೊಗಳಲು ಅತಿಶಯೋಕ್ತಿ ಸಾಕಿತ್ತಲ್ಲ? ಅವರೂ ನೀವೂ ಒಂದೇ ಎಂದು ರೂಪಕಕ್ಕೇ ಕೈಹಾಕಿದಿರಿ, ಅದೂ ನನ್ನ ಬಾಯಿಂದ.

ಗೈಡುಗಳ ಕಟ್ಟನ್ನು ಬಿಗಿದು ಹಡಗಲಿ ಬಸ್ಸಿನ ಮಂಜಣ್ಣನ ಕೈಗೆ ಕೊಟ್ಟಿದ್ದೇನೆ. ಕೊಟ್ಟೂರಿಗೆ ನಾನು ಬರುವುದಿಲ್ಲ. ನನ್ನ ಒಡಪು ಆ ಪುಸ್ತಕದಲ್ಲಿ ಇರುವವರೆಗೆ ವಾರವಾರ ಬರುವಂತೆ ಶನಿವಾರ ನೀವೂ ಇಲ್ಲಿಗೆ ಬರಬೇಡಿ.

ಇಂತಿ,
ಪುಷ್ಪಲತಾ

ತಾ.ಕ.: ಲಕೋಟೆಯ ಮೇಲಿನ ವಿಳಾಸವನ್ನು ಬೇರೆಯವರಿಂದ ಬರೆಸಲಿಲ್ಲ. ಕೊಟ್ರಸ್ವಾಮಿ ಎಂದು ನಿಮ್ಮ ಹೆಸರನ್ನು ನಾನೇ ಬರೆದೆ, ಬರೆಯುತ್ತ ಬಾಯಿಬಿಟ್ಟು ಓದಿಕೊಂಡೆ. ನಾಲಿಗೆ ತಡವರಿಸೀತು ಅಂದುಕೊಂಡಿದ್ದೆ. ತಡವರಿಸಲಿಲ್ಲ.