ಅಪ್ಪನ ಅಂಗಿಗೆ ಸೆಂಟು

ಮನೆಯಿಂದ,
ಹದಿನಾಲ್ಕನೇ ತಾರೀಖು, ಶನಿವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನ್ನ ಸೊಂಟ ನೋವು ಕಡಿಮೆಯಾಯಿತೇ? ದಿನವಿಡೀ ಅಂಗಡಿಯಲ್ಲಿ ನಿಂತು ಸೆಂಟು ಮಾರುವವರಿಗೆ ಆ ನೋವು ತಪ್ಪಿದ್ದಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹಾಗೆ ಹೇಳುವ ಇವಳದ್ದು ಹೊಲಿಗೆ ಮಿಷನ್ನಿನ ಮುಂದೆ ಕೂತೇ ಮಾಡುವ ಕೆಲಸ, ಅವಳಿಗೂ ಸೊಂಟ ನೋವು. ಒಟ್ಟಿನಲ್ಲಿ ನಮ್ಮ ಮನೆಯ ಹೆಂಗಸರ ಸೊಂಟಕ್ಕೆ ನಿಂತರೂ ಕಷ್ಟ, ಕೂತರೂ ಕಷ್ಟ. ಭಾವನ ಬಿ.ಪಿ. ಹತೋಟಿಗೆ ಬಂದಿರಬೇಕು ಅಂದುಕೊಂಡಿದ್ದೇನೆ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಬರೆಯಲು ಕೈ ಬರುತ್ತಿಲ್ಲ. ಅಪ್ಪನನ್ನು ಬಿಟ್ಟು ಉಳಿದವರು ಕ್ಷೇಮ.

ಫೋನ್ ಬಿಟ್ಟು ಇವನ್ಯಾಕೆ ಕಾಗದ ಬರೆಯುತ್ತಿದ್ದಾನೆ ಅಂದುಕೊಳ್ಳುತ್ತೀಯ. ಈಚೆಗೆ ಫೋನಿನಲ್ಲಿ ಅಪ್ಪನ ಸುದ್ದಿ ತೆಗೆದರೆ ಸಾಕು, "ಗಿರಾಕಿ ಬಂದ್ರು ಕಣೋ, ಆಮೇಲೆ ಮಾತಾಡ್ತೀನಿ" ಅನ್ನುತ್ತೀಯ. ನಿಮ್ಮ ಅಂಗಡಿಗೆ ಅಷ್ಟೊಂದು ಗಿರಾಕಿಗಳು ಬರುವುದೇ ನಿಜವಾದರೆ ಅಂಗಡಿಯ ಮಾಲೀಕರು ಇಷ್ಟರಲ್ಲಿ ಇನ್ನೆರಡು ಅಂಗಡಿ ತೆರೆಯಬೇಕಿತ್ತು. ಕಾಗದವಾದರೆ ಅರ್ಧದಲ್ಲಿ ಇಟ್ಟರೂ ಅದು ಮೇಜಿನ ಮೇಲೆ ಕಾಯುತ್ತದೆ. ಓದು.

ನೀನು ಕಳಿಸಿದ ಡಬ್ಬಿ ಬಂದ ದಿನ ಇವಳು ಅದನ್ನು ಬಿಚ್ಚಲು ಕತ್ತರಿ ಹಿಡಿದು, ರಿಬ್ಬನ್ನು ಹಾಳಾಗುತ್ತದೆಂದು ಗಂಟನ್ನು ಉಗುರಿನಿಂದ ಬಿಡಿಸಿದಳು. ಬೆಲೆಯ ಚೀಟಿಯನ್ನು ನೀನು ಕಿತ್ತು ಹಾಕಿದ್ದೆ, ಒಳ್ಳೆಯದೇ ಮಾಡಿದೆ. ಬೆಲೆ ಗೊತ್ತಾಗಿದ್ದರೆ ಅಪ್ಪ ಮುಚ್ಚಳ ತೆಗೆಯಲೂ ಬಿಡುತ್ತಿರಲಿಲ್ಲ. ಗಂಟಲ ಕ್ಯಾನ್ಸರಿಗೆ ಆಪರೇಷನ್ ಆಗಿ ಕೊಳವೆಯಲ್ಲಿ ಗಂಜಿ ಇಳಿಸಿಕೊಳ್ಳುವ ಮನುಷ್ಯನಿಗೆ ಚಾಕೊಲೇಟ್ ಸೆಂಟು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಇವಳು ಗೊಣಗಿದಳು. ಆದರೆ ಒಂದು ಸಲ ಒತ್ತಿದ್ದೇ ತಡ, ಬಾಯಿ ಮುಚ್ಚಿಕೊಂಡಳು. ಅಕ್ಕಾ, ಅದು ಅಪ್ಪನೇ. ಚಾಕೊಲೇಟ್ ಕಾರ್ಖಾನೆಯ ಹುರಿಮನೆಯಿಂದ ಸಂಜೆ ಬಾಗಿಲಿಗೆ ಬಂದು ನಿಂತ ಅಪ್ಪ.

ಯಾರೂ ಚಾಕೊಲೇಟ್ ಕದ್ದು ತರಬಾರದೆಂದು ಕಾರ್ಖಾನೆಯವರು ಜೇಬೇ ಇಲ್ಲದ ಅಂಗಿ ಕೊಟ್ಟಿದ್ದರಲ್ಲ, ಆ ಖಾಕಿ ಅಂಗಿ. ಅಷ್ಟು ವರ್ಷ ಕೋಕೋ ಬೀಜ ಹುರಿದರೂ ಅಪ್ಪ ನಮಗೆ ಒಂದು ಚೂರು ಚಾಕೊಲೇಟ್ ತರಲಿಲ್ಲ, ತಂದದ್ದು ವಾಸನೆ ಮಾತ್ರ. ಅವನು ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡದೆ ನೀನು "ಅಪ್ಪಾ, ಬಗ್ಗು" ಅನ್ನುತ್ತಿದ್ದೆ. ಅವನು ಬಗ್ಗಿದರೆ ಅವನ ಕುತ್ತಿಗೆಗೆ ಮೂಗು ಒತ್ತಿ ಉಸಿರು ಎಳೆಯುತ್ತಿದ್ದೆ. ನಾನು ಗಿಡ್ಡ, ನನಗೆ ಸಿಗುತ್ತಿದ್ದದ್ದು ಮೊಣಕೈ. "ಎಲ್ಲಾ ವಾಸ್ನೆ ನೀನೇ ಖಾಲಿ ಮಾಡ್ತೀಯ" ಎಂದು ನಾನು ಅತ್ತದ್ದು ನಿನಗೆ ನೆನಪಿರಬಹುದು.

ಡಬ್ಬಿಯೊಳಗಿನ ಚೀಟಿಯಲ್ಲಿ "ಅಪ್ಪನಿಗೆ ದಿನಾ ಮೂಸಲು ಕೊಡು" ಎಂದು ಬರೆದಿದ್ದೆ. ನೀನು ಹೇಳಿದ ಹಾಗೆಯೇ ಮಾಡಿದೆ. ಡಿಪೋದಿಂದ ಬಂದು, ಬಸ್ಸಿನ ಗ್ರೀಸು ಹೋಗುವವರೆಗೆ ಕೈ ಉಜ್ಜಿ, ಮಣಿಕಟ್ಟಿಗೆ ಒಂದು ಸಲ ಹೊಡೆದುಕೊಂಡು ಅಪ್ಪನ ಮೂಗಿನ ಹತ್ತಿರ ಹಿಡಿಯುತ್ತಿದ್ದೆ. ಅವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಮಾತು ಹೋದ ಮೇಲೆ ಅವನು ಬರೆಯುವ ಸ್ಲೇಟನ್ನು ಒಮ್ಮೆ ಇಸಿದುಕೊಂಡು "ಒಂಚೂರು ಜಾಸ್ತಿ ಹುರಿದವ್ರೆ" ಎಂದು ಬರೆದ. ಅದನ್ನು ಫೋನಿನಲ್ಲಿ ಹೇಳಿದಾಗ ನೀನು ನಕ್ಕು ನಕ್ಕು ಕೊನೆಗೆ ಅತ್ತೆಯಲ್ಲ, ಅದೇ ದಿನ. ಆ ಹಾಳು ಸೆಂಟು ಮಾರನೆಯ ದಿನವೂ ಮೈಬಿಟ್ಟು ಹೋಗುವುದಿಲ್ಲ. ಡಿಪೋದ ಮೇಸ್ತ್ರಿ ನಾನು ಬಸ್ಸಿನಡಿ ಮಲಗಿದ್ದನ್ನು ಬಗ್ಗಿ ನೋಡಿ, "ಏನಯ್ಯಾ ಮದುಮಗ, ಗೇರ್ ಬಾಕ್ಸಿಗೂ ಮಿಠಾಯಿ ತಿನ್ನಿಸ್ತಿದೀಯಾ?" ಅಂದ. ಅವತ್ತಿನಿಂದ ನಾನು ಅಲ್ಲಿ ಮದುಮಗ. ಆಗಲಿ ಎಂದುಕೊಂಡೆ. ಅಪ್ಪನಿಗೆ ಅಷ್ಟಾದರೂ ಸುಖ ಸಿಗುತ್ತಿದೆಯಲ್ಲ ಎಂಬ ಸಮಾಧಾನವಿತ್ತು.

ಹೋದ ತಿಂಗಳು ಗಾಯಕ್ಕೆ ಬಟ್ಟೆ ಕಟ್ಟಲು ಬರುವ ನರ್ಸಮ್ಮ ಇದನ್ನು ನೋಡಿದಳು. "ಯಾಕಪ್ಪಾ ಮೂಗಿಗೆ ಹಿಡೀತೀಯ? ಇವರು ಉಸಿರಾಡೋದು ಕುತ್ತಿಗೆ ತೂತಿನಿಂದ ತಾನೇ? ಮೂಗಿಗೆ ಗಾಳಿನೇ ಹೋಗಲ್ಲ ಅಂದ್ಮೇಲೆ ವಾಸ್ನೆ ಎಲ್ಲಿಂದ ಬರ್ಬೇಕು? ಆಪರೇಷನ್ ಆದಾಗಿಂದ ಇವರಿಗೆ ಏನೂ ಗೊತ್ತಾಗಲ್ಲ" ಅಂದಳು. ನಾನು ಅಪ್ಪನ ಮುಖ ನೋಡಿದೆ. ಅವನು ಕಿಟಕಿಯ ಕಡೆ ತಿರುಗಿಕೊಂಡ. ಆಪರೇಷನ್ನಿಗೆ ಮೊದಲೇ ಡಾಕ್ಟರು ಅವನಿಗೆ ಹೇಳಿದ್ದರಂತೆ, ಅವನು ನಮಗೆ ಹೇಳಿರಲಿಲ್ಲ. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಇಷ್ಟು ದಿನ ನಾನು ಕೈ ಹಿಡಿದುಕೊಂಡು ಕೂತಿದ್ದೆ.

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ನಿನಗೆ ಗೊತ್ತಿದ್ದದ್ದೇ. ನರ್ಸಮ್ಮ ಹೋದ ಮೇಲೆ, "ಮತ್ಯಾಕಪ್ಪ ನಾಟಕ ಆಡಿದೆ? ಜಾಸ್ತಿ ಹುರಿದವ್ರೆ ಅಂತ ಬೇರೆ ಬರ್ದೆ" ಎಂದು ಕೂಗಾಡಿದೆ. ಅವನು ಸ್ಲೇಟು ತೆಗೆದುಕೊಂಡ. "ಅವಳು ಆಸೆಯಿಂದ ಕಳಿಸಿದ್ದು. ದಂಡ ಆಯ್ತು ಅಂದ್ರೆ ನೊಂದ್ಕೋತಾಳೆ." ಅಂಗೈಯಿಂದ ಒರೆಸಿದ. "ಮೂಗಿಗೆ ಬೇಡ. ನನ್ನ ಅಂಗಿಗೆ ಹೊಡಿ." ಮತ್ತೆ ಒರೆಸಿದ. ಆಮೇಲೆ ಬರೆದ. "ಅವಳು ಬಂದ್ರೆ ಕರ್ಚೀಫ್ ಹಿಡ್ಕೊಳ್ಳೋದು ಬೇಡ."

ಇದನ್ನು ನಿನಗೆ ಬರೆಯುವುದೋ ಬೇಡವೋ ಎಂದು ಇಷ್ಟು ದಿನ ಯೋಚಿಸಿದೆ. ಹೋದ ಸಲ ನೀನು ಬಂದಾಗ ಗಾಯ ಆಗಷ್ಟೇ ಬಾಯಿ ಬಿಟ್ಟಿತ್ತು. ನೀನು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಕರ್ಚೀಫನ್ನು ಮೂಗಿಗೆ ಒತ್ತಿ, ನೆಗಡಿ ಎಂದು ಹೇಳಿ, ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟೆ. ನಿನ್ನನ್ನು ಬೈಯುತ್ತಿಲ್ಲ, ತಿಳಿ. ಮೊದಮೊದಲು ನಾನೂ ಬಚ್ಚಲಿಗೆ ಓಡಿ ವಾಂತಿ ಮಾಡಿದ್ದೇನೆ. ಆದರೆ ಅಪ್ಪನಿಗೆ ತನ್ನ ವಾಸನೆ ತನಗೆ ತಿಳಿಯುವುದಿಲ್ಲ. ತನ್ನ ಮೈ ನಾರುತ್ತದೆಂದು ಅವನಿಗೆ ಗೊತ್ತಾದದ್ದು ನಿನ್ನ ಕರ್ಚೀಫಿನಿಂದ. ಅಲ್ಲಿಯವರೆಗೆ ನಾವೆಲ್ಲ ಅವನೆದುರು ಮುಖ ಸಿಂಡರಿಸದೆ ನಿಭಾಯಿಸಿದ್ದೆವು.

ಈಗ ದಿನಾ ಸಂಜೆ ಇದೇ ನಡೆಯುತ್ತದೆ. ಪೆಟ್ಟಿಗೆಯ ತಳದಿಂದ ಆ ಹಳೆಯ ಖಾಕಿ ಅಂಗಿ ತೆಗೆಸಿದ್ದಾನೆ. ಅದರೊಳಗೆ ಈಗ ಇಬ್ಬರು ಅಪ್ಪಂದಿರು ಹಿಡಿಸುತ್ತಾರೆ, ಇವಳು ಎರಡೂ ಪಕ್ಕ ಹಿಡಿದು ಹೊಲಿದುಕೊಟ್ಟಳು. ನಿಮ್ಮ ಕಡೆಯ ಬಸ್ಸು ಬರುವ ಹೊತ್ತಿಗೆ ಅಂಗಿ ತೊಟ್ಟು, ದಿಂಬಿಗೆ ಒರಗಿ, ಬಾಗಿಲಿಗೆ ಮುಖ ಮಾಡಿ ಕೂರುತ್ತಾನೆ. ನಾನು ಕಾಲರಿಗೆ ಎರಡು ಸಲ ಹೊಡೆಯುತ್ತೇನೆ. ಹೇಗಿದೆ ಎಂದು ಹುಬ್ಬು ಹಾರಿಸಿ ಕೇಳುತ್ತಾನೆ. "ಘಮ್ಮಂತಿದೆ ಅಪ್ಪ" ಅನ್ನುತ್ತೇನೆ. ಸುಳ್ಳೇಕೆ ಹೇಳಲಿ, ಗಾಯದ ವಾಸನೆಯೂ ಚಾಕೊಲೇಟೂ ಸೇರಿ ಮೂರನೆಯದೊಂದು ವಾಸನೆಯಾಗುತ್ತದೆ, ಅದಕ್ಕೆ ಹೆಸರಿಲ್ಲ. ಬಸ್ಸು ಬಂದು ಹೋದ ಮೇಲೆ ಅವನೇ ಗುಂಡಿ ಬಿಚ್ಚಿ, ಅಂಗಿ ಮಡಚಿ ಕೊಡುತ್ತಾನೆ. ಕಂಡೂ ಕಾಣದವಳ ಹಾಗೆ ಇವಳು ಮಿಷನ್ ತುಳಿಯುತ್ತಿರುತ್ತಾಳೆ.

ನಿನ್ನನ್ನು ಬಾ ಎಂದು ಕರೆಯಬಾರದೆಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. "ಕರೆಸಿದ್ರೆ ಬಂದ್ಲು ಅನ್ನೋದು ಬೇಡ. ಅವಳಿಗೇ ಅನ್ನಿಸ್ಬೇಕು" ಎಂದು ಬರೆದು, ನಾನು ಆಗಲಿ ಅನ್ನುವವರೆಗೂ ಸ್ಲೇಟು ಕೆಳಗಿಡಲಿಲ್ಲ. ಹಾಗಾಗಿ ನಾನು ಕರೆಯುತ್ತಿಲ್ಲ. ಇಲ್ಲಿ ನಡೆಯುತ್ತಿರುವುದನ್ನು ಬರೆದಿದ್ದೇನೆ, ಅಷ್ಟೇ.

ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು, ಭಾರ ಎತ್ತಬೇಡ. ಭಾವನಿಗೆ ನನ್ನ ನಮಸ್ಕಾರ. ನಿನಗೂ ಅವರಿಗೂ ಒಂದೊಂದು ಹೊಸ ದಿಂಬಿನ ಕವರು ಹೊಲಿದಿಟ್ಟಿದ್ದಾಳಂತೆ ಇವಳು. ಅಪ್ಪ ಆಶೀರ್ವಾದ ತಿಳಿಸಲು ಹೇಳಿಲ್ಲ, ಆದರೂ ತಿಳಿಸುತ್ತಿದ್ದೇನೆ. ಅವನ ಕಣ್ಣಲ್ಲಿ ಅದು ಇದ್ದೇ ಇರುತ್ತದೆ.

ನಿನ್ನ ತಮ್ಮ,
ಗಿಡ್ಡ

ತಾ.ಕ.: ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಇದನ್ನು ಗೀಚುತ್ತಿದ್ದೇನೆ, ಅಕ್ಷರ ಸರಿಯಿಲ್ಲ. ಮೇಲೆ ಬರೆಯದೆ ಮುಚ್ಚಿಟ್ಟದ್ದು ಎರಡಿದೆ. ಮೊನ್ನೆ ಗುರುವಾರ ಡಾಕ್ಟರು ಬಂದು ನೋಡಿ, "ಬರಬೇಕಾದವರಿಗೆ ಹೇಳಿಬಿಡಿ" ಅಂದರು. ನಿನ್ನ ಸೆಂಟು ಅದಕ್ಕೂ ಮೊದಲೇ ಮುಗಿಯಿತು. ಡಿಪೋದಲ್ಲಿ ಇಕ್ಕಳದಿಂದ ಬಾಟಲಿಯ ಬಾಯಿ ಬಿಡಿಸಿ, ನಲ್ಲಿ ನೀರು ತುಂಬಿಕೊಂಡು ಬಂದು ಅದನ್ನೇ ಕಾಲರಿಗೆ ಹೊಡೆಯುತ್ತಿದ್ದೇನೆ. ಅಪ್ಪನಿಗೆ ಗೊತ್ತಾಗುವುದಿಲ್ಲ. ಹುಬ್ಬು ಹಾರಿಸುತ್ತಾನೆ, ನಾನು ಘಮ್ಮಂತಿದೆ ಅನ್ನುತ್ತೇನೆ. ಇನ್ನೊಂದು ಬಾಟಲಿ ಕಳಿಸಬೇಡ. ಕೊಟ್ಟ ಮಾತು ಮುರಿಯುತ್ತಿದ್ದೇನೆ, ಬಾ. ಕರ್ಚೀಫನ್ನು ಬಸ್ಸಿನಲ್ಲೇ ಬಿಟ್ಟು ಬಾ. ಅಪ್ಪನಿಗೆ ಈಗ ಬಗ್ಗಲು ಆಗುವುದಿಲ್ಲ, ಅಕ್ಕಾ. ನೀನೇ ಬಗ್ಗಬೇಕು.